ವಾರಿಜಕ್ಕ ಹತ್ತಿದ ಮೆಟ್ಟಿಲು

ವಿನೆಗರ್ ವಾಸನೆ ಮೂಗಿಗೆ ಬಡಿದರೆ ನನಗೆ ಸಿಟ್ಟು ಬರುತ್ತದೆ. ಹೋದ ತಿಂಗಳು ಕಲ್ಯಾಣಪುರದಲ್ಲಿ ಗೆಳತಿ ಹಿಲ್ಡಾಳ ಮನೆಗೆ ಊಟಕ್ಕೆ ಹೋಗಿದ್ದೆ. ಅವಳ ಅತ್ತೆ ಅಡುಗೆಮನೆಯಲ್ಲಿ ಉಪ್ಪಿನಕಾಯಿಗೆ ಮಸಾಲೆ ಅರೆದಿಟ್ಟು, ಬಾಟಲಿಯ ಮುಚ್ಚಳ ತೆಗೆದು ವಿನೆಗರ್ ಸುರಿದರು. ಬಾಯಲ್ಲಿ ನೀರೂರಬೇಕಾದ ಹೊತ್ತಿನಲ್ಲಿ ನನಗೆ ಕಿವಿ ಬಿಸಿಯಾಯಿತು. "ಎಂತ ಮಾರಾಯ್ತಿ, ಮುಖ ಹಾಗೆ ಮಾಡಿದ್ದು?" ಎಂದಳು ಹಿಲ್ಡಾ. ಮೆಣಸಿನ ಘಾಟು ಎಂದು ಸುಳ್ಳು ಹೇಳಿ ಹೊರಗೆ ಬಂದು ಜಗಲಿಯಲ್ಲಿ ಕೂತೆ.

ಡಯಾಲಿಸಿಸ್ ಕೋಣೆಯ ಒಡನಾಟ ಇರುವವರಿಗೆ ಈ ವಾಸನೆ ಹೊಸದಲ್ಲ. ರಕ್ತ ಸೋಸುವ ಸಲಕರಣೆಗಳನ್ನು ತೊಳೆಯುವ ಔಷಧಿಗೆ ಥೇಟ್ ವಿನೆಗರಿನದೇ ಹುಳಿ ಘಾಟು. ಬೆಳಿಗ್ಗೆ ಬಾಗಿಲು ದೂಡಿದ ಕೂಡಲೇ ಅದು ಎದುರಿಗೆ ಬಂದು ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ಮೂಗು ಮರೆತರೂ ಬಟ್ಟೆ ಮರೆಯುವುದಿಲ್ಲ. ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲವನ್ನು ನಾನು ಪೂರ್ತಿಯಾಗಿ ಆ ವಾಸನೆಯಲ್ಲೇ ಕಳೆದೆ. ಕಾರ್ಕಳದಲ್ಲಿ ದಾನಿಗಳ ನೆರವಿನಿಂದ ನಡೆಯುತ್ತಿದ್ದ ಒಂದು ಸಣ್ಣ ಡಯಾಲಿಸಿಸ್ ಕೇಂದ್ರ ಅದು.

ನಾನು ಫಿಸಿಯೋಥೆರಪಿಸ್ಟ್. ಮಣಿಪಾಲದಲ್ಲಿ ಓದಿ, ಉಡುಪಿಯ ಒಂದು ಕ್ಲಿನಿಕ್ಕಿನಲ್ಲಿ ಸೊಂಟನೋವು, ಮಂಡಿನೋವು ನೋಡಿಕೊಂಡು ಇದ್ದವಳು. ಕಿಡ್ನಿ ಕೆಟ್ಟು ಡಯಾಲಿಸಿಸ್‌ಗೆ ಬರುವವರ ಮೇಲೆ ಒಂದು ಅಧ್ಯಯನ ನಡೆಯಲಿಕ್ಕುಂಟು, ಒಂದು ಮಳೆಗಾಲದ ಮಟ್ಟಿಗೆ ಜನ ಬೇಕು ಎಂದು ಪರಿಚಯದವರು ಹೇಳಿದಾಗ ಸಂತೋಷದಿಂದ ಒಪ್ಪಿದೆ. ಅಧ್ಯಯನದ ಯಜಮಾನರು ದೂರದ ನಗರದವರು. ಉಡುಪಿಯವರಲ್ಲ, ಮಣಿಪಾಲದವರೂ ಅಲ್ಲ. ಹೆಸರು ಹೇಳುವುದಿಲ್ಲ, ಹೇಳಿದರೆ ನನಗೆ ಆ ದಿನದ ಊಟ ಸೇರುವುದಿಲ್ಲ. ಕೇಂದ್ರದಲ್ಲಿ ಎಲ್ಲರೂ ಅವರನ್ನು ದೊಡ್ಡ ಡಾಕ್ಟರು ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತೇನೆ.

ನನ್ನ ಮನೆ ಕಾಪುವಿನಲ್ಲಿ. ಬೆಳಿಗ್ಗೆ ಪಡುಬಿದ್ರಿಗೆ ಬಂದು, ಅಲ್ಲಿ ಬಸ್ಸು ಬದಲಿಸಿ, ಬೆಳ್ಮಣ್ಣಿನ ದಾರಿಯಾಗಿ ಕಾರ್ಕಳಕ್ಕೆ ಹೋಗಬೇಕು. ಪಡುಬಿದ್ರಿಯಲ್ಲಿ ಬಸ್ಸಿಗೆ ಕಾಯುವಾಗ ಒಂದು ಬದಿಯಿಂದ ಮೀನಿನ ವಾಸನೆ, ಇನ್ನೊಂದು ಬದಿಯಲ್ಲಿ ಮೋಡದೊಳಗೆ ತಲೆ ತೂರಿಸಿ ನಿಂತ ವಿದ್ಯುತ್ ಸ್ಥಾವರದ ಚಿಮಣಿ. ಆ ವರ್ಷ ಮಳೆ ಬಿಡುವು ಕೊಡದೆ ಹೊಡೆಯಿತು. ಕೊಡೆ ಎನ್ನುವುದು ಕೈಯಲ್ಲಿ ಹಿಡಿಯಲಿಕ್ಕೆ ಒಂದು ನೆಪ ಮಾತ್ರ. ಒದ್ದೆ ಚೂಡಿದಾರದಲ್ಲೇ ಕೇಂದ್ರಕ್ಕೆ ತಲುಪಿ, ಏಪ್ರನ್ ಹಾಕಿಕೊಂಡು, ಮಂಚಗಳ ನಡುವೆ ಓಡಾಡುತ್ತಾ ಒಣಗುತ್ತಿದ್ದೆ.

ಅಧ್ಯಯನದ ವಿಷಯ ಒಳ್ಳೆಯದೇ, ಅದರಲ್ಲಿ ನನಗೆ ಈಗಲೂ ತಕರಾರಿಲ್ಲ. ಡಯಾಲಿಸಿಸ್ ಮಾಡಿಸಿಕೊಳ್ಳುವವರು ಪ್ರತಿ ಸಲವೂ ಕೈಗೆ ಸೂಜಿ ಚುಚ್ಚಿಸಿಕೊಂಡು ನಾಲ್ಕು ಗಂಟೆ ಯಂತ್ರದ ಪಕ್ಕದಲ್ಲಿ ಮಲಗಿರಬೇಕು. ಮನೆಗೆ ಹೋದ ಮೇಲೆ ಸುಸ್ತಿಗೆ ಮತ್ತೆ ಮಲಗುತ್ತಾರೆ. ಹೀಗೆ ಮಲಗಿ ಮಲಗಿ ಕಾಲಿನ ಮಾಂಸ ಕರಗುತ್ತದೆ. ಕಿಡ್ನಿಯ ಕೆಲಸವನ್ನಾದರೂ ಯಂತ್ರ ಮಾಡೀತು, ಕಾಲಿನ ಕೆಲಸ ಮಾಡಲಿಕ್ಕೆ ಯಾವ ಯಂತ್ರವೂ ಇಲ್ಲ. ಹಾಗಾಗಿ ಮಲಗಿದ್ದಲ್ಲೇ ಸೈಕಲ್ ತುಳಿದರೆ ಹೇಗೆ ಎಂಬುದು ಪ್ರಶ್ನೆ. ಸೈಕಲ್ ಎಂದರೆ ಚಕ್ರ, ಸೀಟು ಏನೂ ಇಲ್ಲ. ಮಂಚದ ಕೊನೆಗೆ ಬಿಗಿಯುವ ಒಂದು ಕಬ್ಬಿಣದ ಸ್ಟ್ಯಾಂಡು, ಅದಕ್ಕೆ ಎರಡು ಪೆಡಲು, ತುಳಿತ ಗಟ್ಟಿ ಮಾಡಲಿಕ್ಕೆ ಒಂದು ತಿರುಪು. ಡಯಾಲಿಸಿಸ್ ಶುರುವಾದ ಮೇಲೆ, ಬಿಪಿ ಸರಿ ಇದ್ದರೆ, ಅರ್ಧ ಗಂಟೆ ತುಳಿಸುವುದು ನನ್ನ ಕೆಲಸ. ಮಳೆಗಾಲದ ಮೊದಲು ಒಮ್ಮೆ, ಕೊನೆಗೆ ಒಮ್ಮೆ ಅವರ ಕಾಲಿನ ಶಕ್ತಿ ಅಳೆಯಲಿಕ್ಕೆ ಹೊರಗಿನಿಂದ ಬೇರೆಯವರು ಬರುತ್ತಾರೆ. ಫಲಿತಾಂಶ ಚೆನ್ನಾಗಿ ಬಂದರೆ ಸೈಕಲ್ಲುಗಳನ್ನು ಕೇಂದ್ರದಲ್ಲೇ ಉಳಿಸಿಕೊಂಡು, ತುಳಿಸಲಿಕ್ಕೆ ಒಬ್ಬರನ್ನು ಇಡುತ್ತೇವೆ ಎಂದು ಕೇಂದ್ರ ನಡೆಸುವವರು ಬಾಯಿಬಿಟ್ಟು ಹೇಳಿದ್ದರು.

ಆದರೆ ಎಲ್ಲರಿಗೂ ಸೈಕಲ್ ಇಲ್ಲ. ಅರ್ಧ ಜನಕ್ಕೆ ಸೈಕಲ್, ಉಳಿದ ಅರ್ಧಕ್ಕೆ ಎಂದಿನ ಚಿಕಿತ್ಸೆ. ಯಾರಿಗೆ ಯಾವುದು ಎಂಬುದು ಮುಚ್ಚಿದ ಲಕೋಟೆಯಲ್ಲಿ ಇರುತ್ತದೆ, ಚೀಟಿ ಎತ್ತಿದ ಹಾಗೆ. ಹೋಲಿಸಿ ನೋಡದೆ ಪ್ರಯೋಜನ ಗೊತ್ತಾಗುವುದಾದರೂ ಹೇಗೆ? ಅದೂ ನನಗೆ ಒಪ್ಪಿಗೆಯೇ ಆಗಿತ್ತು, ವಾರಿಜಕ್ಕನ ಲಕೋಟೆ ಒಡೆಯುವವರೆಗೆ.

ವಾರಿಜಕ್ಕ ಬಜಗೋಳಿಯ ಆಚೆಯವರು. ಐವತ್ತು ದಾಟಿದ, ಸಣಕಲು ಮೈಯ, ಬಾಯಿ ಮಾತ್ರ ಗಟ್ಟಿಯಿದ್ದ ಹೆಂಗಸು. ಮೊದಲು ಬಜಗೋಳಿ ಪೇಟೆಯಲ್ಲಿ ರವಿಕೆ ಹೊಲಿಯುತ್ತಿದ್ದರು. ಆ ಕಡೆಯ ಮದುಮಗಳ ರವಿಕೆಯೆಂದರೆ ವಾರಿಜಕ್ಕನೇ ಹೊಲಿಯಬೇಕು ಎಂದಿತ್ತಂತೆ. ಕಿಡ್ನಿ ಕೈಕೊಟ್ಟ ಮೇಲೆ ಅಂಗಡಿ ಬಿಟ್ಟು ಮೆಷಿನನ್ನು ಮನೆಗೆ ತಂದಿಟ್ಟುಕೊಂಡಿದ್ದರು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಪಕ್ಕದ ಮನೆಯಲ್ಲಿ ತಮ್ಮನ ಸಂಸಾರ. ಮನೆ ಇರುವುದು ರಸ್ತೆಯಿಂದ ಕೆಳಗೆ, ಗದ್ದೆಯ ಬದಿಯಲ್ಲಿ. ರಸ್ತೆಗೆ ಬರಬೇಕಾದರೆ ಗುಡ್ಡದ ಬದಿಯನ್ನು ಕಡಿದು ಮಾಡಿದ ಕೆಂಪುಕಲ್ಲಿನ ಮೆಟ್ಟಿಲುಗಳನ್ನು ಹತ್ತಬೇಕು. ಮಳೆಗಾಲದಲ್ಲಿ ಅವು ಪಾಚಿ ಹಿಡಿದು ಜಾರುತ್ತವೆ. ವಾರಿಜಕ್ಕನ ಕಾಲಿನಲ್ಲಿ ಒಂದು ಮೆಟ್ಟಿಲು ಏರುವ ತ್ರಾಣವೂ ಉಳಿದಿರಲಿಲ್ಲ. ತಮ್ಮ ಮತ್ತು ರಿಕ್ಷಾದ ಡ್ರೈವರ್ ಸೇರಿ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಅಲ್ಲಿಂದ ಹೊತ್ತು ಮೇಲೆ ತರುತ್ತಿದ್ದರು.

ಆ ಕುರ್ಚಿಯೆಂದರೆ ಅವರಿಗೆ ಬೆಂಕಿ. ಪರಿಚಯವಾದ ಮೊದಲ ವಾರದಲ್ಲೇ ನನಗೆ ತುಳುವಿನಲ್ಲಿ ಹೇಳಿದ್ದರು, ನನ್ನ ಕನ್ನಡದಲ್ಲಿ ಅದು ಹೀಗಾಗುತ್ತದೆ: "ಮನುಷ್ಯನನ್ನು ಮನೆಯಿಂದ ಹೊತ್ತುಕೊಂಡು ಹೋಗುವುದು ಒಂದೇ ಸಲ ಬಾಲೆ. ನನ್ನನ್ನು ವಾರಕ್ಕೆ ಎರಡು ಸಲ ಹೊರುತ್ತಾರೆ." ನಗುತ್ತಲೇ ಹೇಳಿದರು. ಆದರೆ ಹೊತ್ತು ತರುವಾಗ ಅಕ್ಕಪಕ್ಕದವರು ನೋಡಬಾರದೆಂದು ಸೀರೆಯ ಸೆರಗನ್ನು ಮುಖಕ್ಕೆ ಎಳೆದುಕೊಳ್ಳುತ್ತಾರೆ ಎಂದು ರಿಕ್ಷಾದವನು ಇನ್ನೊಮ್ಮೆ ಹೇಳಿದ್ದ. ಡಯಾಲಿಸಿಸ್ ಇರುವವರಿಗೆ ಆಸೆಗಳು ಕಡಿಮೆಯಾಗುತ್ತಾ ಬರುತ್ತವೆ. ನೀರು ಅಳತೆಯಲ್ಲಿ, ಉಪ್ಪು ಅಳತೆಯಲ್ಲಿ, ಎಳನೀರಿನ ಹೆಸರೇ ಎತ್ತಬಾರದು. ವಾರಿಜಕ್ಕನಿಗೆ ಉಳಿದಿದ್ದ ಆಸೆ ಒಂದೇ, ಆ ಮೆಟ್ಟಿಲುಗಳನ್ನು ತನ್ನ ಕಾಲಲ್ಲಿ ಹತ್ತಬೇಕು. ಅದಕ್ಕಾಗಿಯೇ ಅಧ್ಯಯನಕ್ಕೆ ಸೇರಲು ಒಪ್ಪಿದ್ದರು.

ಅವರ ಜೊತೆಗೆ ಅದೇ ರಿಕ್ಷಾದಲ್ಲಿ ಬರುತ್ತಿದ್ದವರು ಸದಾನಂದಣ್ಣ. ಗಲ್ಫಿನಲ್ಲಿ ಬಹಳ ವರ್ಷ ಗಾಡಿ ರಿಪೇರಿಯ ಕೆಲಸ ಮಾಡಿ, ಕಿಡ್ನಿ ಕಳೆದುಕೊಂಡು ಊರಿಗೆ ಬಂದವರು. ಇಬ್ಬರಿಗೂ ಸಂಬಂಧವಿಲ್ಲ, ಜಾತಿ ಬೇರೆ, ಮನೆ ದೂರ. ಡಯಾಲಿಸಿಸ್ ಕೇಂದ್ರಗಳಲ್ಲಿ ಹುಟ್ಟುವ ಒಂದು ನೆಂಟಸ್ತಿಕೆ ಉಂಟು, ಅದನ್ನು ಪುಸ್ತಕದಲ್ಲಿ ಯಾರೂ ಬರೆದಿಲ್ಲ. ಒಂದೇ ದಿಕ್ಕಿನಿಂದ ಬರುವವರು ಸೇರಿ ಒಂದು ಗಾಡಿ ಗೊತ್ತು ಮಾಡುತ್ತಾರೆ, ಒಂದೇ ಪಾಳಿಯಲ್ಲಿ ಅಕ್ಕಪಕ್ಕದ ಮಂಚ ಹಿಡಿಯುತ್ತಾರೆ. ಒಬ್ಬರಿಗೆ ಬಿಪಿ ಇಳಿದು ಕಣ್ಣು ಮೇಲಾದರೆ ಸಿಸ್ಟರ್‌ಗಿಂತ ಮೊದಲು ಕೂಗುವುದು ಪಕ್ಕದ ಮಂಚದವರು. ತಿಂಡಿಯ ಡಬ್ಬಿ ತೆರೆದರೆ ಮೊದಲ ತುಂಡು ಪಕ್ಕದ ಮಂಚಕ್ಕೆ ಹೋಗಬೇಕು. ಪಕ್ಕದವರಿಗೆ ಕೊಡದೆ ಒಬ್ಬರೇ ತಿನ್ನುವುದು ಆ ಕೋಣೆಯಲ್ಲಿ ನಾಚಿಕೆಗೇಡು.

ಇಂಥ ಕೋಣೆಗೆ ನಾವು ಲಕೋಟೆ ಹಿಡಿದುಕೊಂಡು ಹೋದೆವು. ಸದಾನಂದಣ್ಣನ ಲಕೋಟೆಯಲ್ಲಿ ಸೈಕಲ್ ಬಂತು. ವಾರಿಜಕ್ಕನ ಲಕೋಟೆಯಲ್ಲಿ ಎಂದಿನ ಚಿಕಿತ್ಸೆ ಎಂದಿತ್ತು. ತನಗೆ ಯಾಕೆ ಇಲ್ಲ ಎಂದು ಕೇಳಿದರು. ಚೀಟಿ ಎತ್ತಿದ ಹಾಗೆ, ಯಾರ ಕೈಯಲ್ಲೂ ಇಲ್ಲ ಎಂದು ವಿವರಿಸಿದೆ. ಅವರು, "ಚೀಟಿ ಎತ್ತುವುದು ಬಹುಮಾನಕ್ಕೆ ಅಲ್ವಾ? ಕಾಲಿಗೂ ಚೀಟಿ ಎತ್ತುತ್ತಾರಾ?" ಎಂದರು. ಉತ್ತರ ನನ್ನ ಹತ್ತಿರ ಇತ್ತು, ಪುಸ್ತಕದ ಉತ್ತರ. ಅವರ ಮುಖ ನೋಡಿ ಅದನ್ನು ಬದಿಗಿಟ್ಟೆ. ದೊಡ್ಡ ಡಾಕ್ಟರಿಗೆ ಫೋನ್ ಮಾಡಿ, ಜೊತೆಯಲ್ಲಿ ಬರುವವರನ್ನು ಹೀಗೆ ಬೇರೆ ಮಾಡಿದರೆ ತೊಂದರೆಯಾದೀತು, ಜೋಡಿಯನ್ನೇ ಒಂದು ಗುಂಪಿಗೆ ಹಾಕಬಹುದಲ್ಲ ಎಂದೆ. ನಿಯಮ ನಿಯಮವೇ, ಅಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಡಿ ಎಂದು ಅವರು ನಯವಾಗಿ ಹೇಳಿದರು.

ಜೂನ್, ಜುಲೈ ಹೀಗೆ ಕಳೆಯಿತು. ಹೊರಗೆ ಹೆಂಚಿನ ಮೇಲೆ ಮಳೆ, ಒಳಗೆ ಯಂತ್ರಗಳ ಗುಂಯ್‌ಗುಡಿತ. ಕರೆಂಟು ಹೋಗಿ ಜನರೇಟರ್ ಹಿಡಿದುಕೊಳ್ಳುವವರೆಗಿನ ಆ ಚೂರು ಹೊತ್ತಿನಲ್ಲಿ ಕೋಣೆಯವರೆಲ್ಲ ಉಸಿರು ಹಿಡಿದುಕೊಳ್ಳುವುದು ಕಾಣುತ್ತಿತ್ತು. ಸದಾನಂದಣ್ಣ ಮೊದಮೊದಲು ತುಳಿಯಲಿಕ್ಕೆ ಮನಸ್ಸು ಮಾಡಲಿಲ್ಲ. ಕಾಲು ನೋಯುತ್ತದೆ ಎನ್ನುತ್ತಿದ್ದರು, ಆದರೆ ಕಣ್ಣು ಪಕ್ಕದ ಮಂಚದ ಕಡೆ ಇರುತ್ತಿತ್ತು. ಕೊನೆಗೆ ಒಂದು ದಿನ ಬಾಯಿಬಿಟ್ಟು ಹೇಳಿದರು, ತನ್ನ ಸೈಕಲ್ಲನ್ನು ವಾರಿಜಕ್ಕನಿಗೆ ಕೊಡಿ, ತಾನು ಸುಮ್ಮನೆ ಮಲಗುತ್ತೇನೆ ಎಂದು. ಹಾಗೆ ಮಾಡಲಿಕ್ಕೆ ಬರುವುದಿಲ್ಲ ಎಂದೆ. ಆಮೇಲೆ ಅವರು ತಕರಾರಿಲ್ಲದೆ ತುಳಿಯತೊಡಗಿದರು. ತಿರುಪು ಎಷ್ಟು ಬಿಗಿ ಮಾಡಿದೆ, ಎಷ್ಟು ಹೊತ್ತು ತುಳಿಯಬೇಕು, ಯಾವಾಗ ನಿಲ್ಲಿಸಬೇಕು, ದಮ್ಮು ಬಂದರೆ ಏನು ಮಾಡಬೇಕು ಎಂದು ಪ್ರತಿಯೊಂದನ್ನೂ ಕೇಳಿ ತಿಳಿದುಕೊಂಡರು. ಎಷ್ಟು ಆಸಕ್ತಿ ಎಂದು ನನಗೆ ಖುಷಿಯೋ ಖುಷಿ.

ಆಗಸ್ಟ್ ಕೊನೆಯ ಹೊತ್ತಿಗೆ ಸೈಕಲ್ ಗುಂಪಿನವರ ನಡಿಗೆ ಬದಲಾಯಿತು. ತೂಕ ನೋಡುವ ಯಂತ್ರದ ಮೇಲೆ ಗೋಡೆ ಹಿಡಿಯದೆ ಹತ್ತುವವರು ಕಂಡರು. ವಿಚಿತ್ರವೆಂದರೆ ಸೈಕಲ್ ಇಲ್ಲದವರಲ್ಲೂ ಕಂಡರು. ವಾರಿಜಕ್ಕ ಮಂಚದಿಂದ ಇಳಿಯುವಾಗ ಸಿಸ್ಟರ್‌ನ ಕೈ ಕೇಳುವುದನ್ನು ಬಿಟ್ಟಿದ್ದರು. ಔಷಧಿ ಬದಲಾಗಿರಬಹುದು, ರಕ್ತ ಏರಿರಬಹುದು ಎಂದುಕೊಂಡೆ. ಸೆಪ್ಟೆಂಬರಿನಲ್ಲಿ ಹೊರಗಿನವರು ಬಂದು ಎಲ್ಲರ ಶಕ್ತಿ ಅಳೆದುಕೊಂಡು ಹೋದರು. ಯಾರು ಯಾವ ಗುಂಪಿನವರು ಎಂಬುದು ಅವರಿಗೆ ಗೊತ್ತಿರಕೂಡದು, ಹಾಗಾಗಿ ಯಾರೂ ಏನೂ ಮಾತಾಡಲಿಲ್ಲ.

ಅದಾದ ಕೆಲವು ದಿನಕ್ಕೆ ವಾರಿಜಕ್ಕ ನನ್ನನ್ನು ಹೊಸ ಅಕ್ಕಿ ಊಟಕ್ಕೆ ಕರೆದರು. ನಮ್ಮ ಕಡೆ ಗದ್ದೆಯ ಮೊದಲ ತೆನೆ ಮನೆಗೆ ಬಂದಾಗ ಬೇಕಾದವರನ್ನು ಕರೆದು ಮಾಡುವ ಊಟ ಅದು. ಇಲ್ಲ ಎನ್ನುವ ಹಾಗಿಲ್ಲ. ಬಜಗೋಳಿಯಲ್ಲಿ ಬಸ್ಸಿಳಿದು, ಅದೇ ರಿಕ್ಷಾ ಹಿಡಿದು ಅವರ ಮನೆಯ ಮೇಲಿನ ರಸ್ತೆಗೆ ಬಂದೆ. ಮಳೆ ಆಗಷ್ಟೇ ನಿಂತಿತ್ತು. ಕೆಳಗಿನಿಂದ ನನ್ನನ್ನು ಕಂಡ ವಾರಿಜಕ್ಕ, ಅಲ್ಲೇ ನಿಲ್ಲು ಎಂದು ಕೈಸನ್ನೆ ಮಾಡಿದರು. ಸೀರೆಯ ನಿರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಒಂದು ಕೈಯನ್ನು ಗುಡ್ಡದ ಮಣ್ಣಿಗೆ ಊರುತ್ತಾ, ಮೆಟ್ಟಿಲು ಹತ್ತಲಿಕ್ಕೆ ಶುರು ಮಾಡಿದರು. ನಡುವೆ ನಿಂತರು, ದಮ್ಮು ತೆಗೆದುಕೊಂಡರು, ಮತ್ತೆ ಹತ್ತಿದರು. ಅವರ ತಮ್ಮ ಕೆಳಗಿನ ಅಂಗಳದಲ್ಲಿ ಕೈಕಟ್ಟಿ ನಿಂತು ನೋಡುತ್ತಿದ್ದ. ಅವನ ಪಕ್ಕದಲ್ಲಿ ಕೆಂಪು ಕುರ್ಚಿ ಖಾಲಿ ಇತ್ತು, ಅದರಲ್ಲಿ ಮಳೆಯ ನೀರು ನಿಂತಿತ್ತು. ಮೇಲೆ ಬಂದವರೇ ನನ್ನ ಕೈ ಹಿಡಿದು, "ಊಟಕ್ಕೆ ಕರೆದದ್ದು ಸುಳ್ಳು. ಇದನ್ನು ತೋರಿಸ್ಲಿಕ್ಕೆ ಕರೆದದ್ದು" ಎಂದರು. ರಸ್ತೆಯಲ್ಲಿ ನಿಂತು ನಾವಿಬ್ಬರೂ ಅತ್ತೆವು, ನನಗೆ ಅದರಲ್ಲಿ ನಾಚಿಕೆಯಿಲ್ಲ.

ಊಟದ ಮೊದಲು ಗುಟ್ಟು ಹೊರಬಿತ್ತು. ಜಗಲಿಯಲ್ಲಿ ಕಾಲಲ್ಲಿ ತುಳಿಯುವ ಆ ಹಳೆಯ ಹೊಲಿಗೆ ಮೆಷಿನ್ ಇತ್ತು, ಬೆಲ್ಟು ಕಳಚಿತ್ತು. ಬೆಲ್ಟು ಇಲ್ಲದಿದ್ದರೆ ಮೇಲೆ ಸೂಜಿ ಓಡುವುದಿಲ್ಲ, ಕೆಳಗಿನ ಚಕ್ರ ಮಾತ್ರ ತಿರುಗುತ್ತದೆ. ಆ ಚಕ್ರಕ್ಕೆ ಒತ್ತಿಕೊಳ್ಳುವ ಹಾಗೆ ಹಳೆಯ ಟಯರಿನ ಟ್ಯೂಬಿನ ಪಟ್ಟಿ ಕಟ್ಟಿತ್ತು, ತುಳಿತ ಗಟ್ಟಿಯಾಗಲಿ ಎಂದು. ಊಟಕ್ಕೆ ಬಂದಿದ್ದ ಸದಾನಂದಣ್ಣ ನೆಲ ನೋಡುತ್ತಾ ನಿಂತಿದ್ದರು. ನನ್ನಿಂದ ಕೇಳಿ ತಿಳಿದದ್ದನ್ನೆಲ್ಲ ಅವರು ರಿಕ್ಷಾದಲ್ಲಿ ವಾರಿಜಕ್ಕನಿಗೆ ದಾಟಿಸಿದ್ದರು, ಒಂದು ಭಾನುವಾರ ಬಂದು ಮೆಷಿನನ್ನು ಹೀಗೆ ಮಾಡಿಕೊಟ್ಟಿದ್ದರು. "ಪಕ್ಕದವರಿಗೆ ಇಲ್ಲದೆ ನಾನೊಬ್ಬನೇ ತುಳಿಯುವುದು ಹೇಗೆ ಮೇಡಂ? ಗಂಟಲಲ್ಲಿ ಇಳಿಯುವುದಿಲ್ಲ" ಎಂದರು. ಅಷ್ಟೇ ಅಲ್ಲ, ಬೇರೆ ಗಾಡಿಗಳಲ್ಲಿ ಬರುವವರೂ ಹೀಗೇ ಮಾಡಿದ್ದಾರೆ ಎಂದು ಅವರಿಂದಲೇ ತಿಳಿಯಿತು. ಬೆಳ್ಮಣ್ಣಿನವರೊಬ್ಬರು ಮೊಮ್ಮಗನ ಸೈಕಲ್ಲನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ತುಳಿಯುತ್ತಿದ್ದರಂತೆ. ಸೈಕಲ್ ಸಿಗದ ಗುಂಪಿನಲ್ಲಿ ಕಾಲು ಆಡಿಸದೆ ಕೂತವರು ಯಾರೂ ಉಳಿದಿರಲಿಲ್ಲ.

ಮರುದಿನವೇ ನಾನು ದೊಡ್ಡ ಡಾಕ್ಟರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಒಳ್ಳೆಯ ಸುದ್ದಿ ಹೇಳುವ ಉಮೇದಿನಲ್ಲೇ ಹೇಳಿದೆ. ತುಳಿದವರೆಲ್ಲ ಗಟ್ಟಿಯಾಗಿದ್ದಾರೆ, ಯಂತ್ರ ಇಲ್ಲದೆ ಮನೆಯ ವಸ್ತುವಿನಲ್ಲೇ ತುಳಿದರೂ ಗಟ್ಟಿಯಾಗಿದ್ದಾರೆ, ಇದಕ್ಕಿಂತ ದೊಡ್ಡ ವಿಷಯ ಬೇಕೇ? ಇದು ಕಂಟಾಮಿನೇಷನ್ ಎಂದರು ದೊಡ್ಡ ಡಾಕ್ಟರು. ಒಂದು ಗುಂಪಿನ ಚಿಕಿತ್ಸೆ ಇನ್ನೊಂದು ಗುಂಪಿಗೆ ಸೋರುವುದಕ್ಕೆ ಅವರ ಶಾಸ್ತ್ರದಲ್ಲಿ ಇಟ್ಟಿರುವ ಹೆಸರು ಅದು. ಆಸ್ಪತ್ರೆಯಲ್ಲಿ ನಾವು ಆ ಪದವನ್ನು ಕೊಳಕು ಸೂಜಿಗೆ, ಕೆಟ್ಟ ನೀರಿಗೆ ಬಳಸುತ್ತೇವೆ. ಯಾರು ಏನು ತುಳಿದರು ಎಂದು ಈಗ ಕೇಳಿಕೊಂಡು ಹೋಗುವ ಹಾಗಿಲ್ಲ, ಚೀಟಿಯಲ್ಲಿ ಬಂದ ಗುಂಪಿನ ಪ್ರಕಾರವೇ ಲೆಕ್ಕ ಹಾಕಬೇಕು ಎಂದರು. ಆ ನಿಯಮ ನನಗೂ ಗೊತ್ತು, ಅದಕ್ಕೆ ಕಾರಣವೂ ಗೊತ್ತು. ಲೆಕ್ಕ ಹಾಗೆಯೇ ಹಾಕಿ, ನಡೆದದ್ದನ್ನೂ ಜೊತೆಗೆ ಬರೆಯಿರಿ ಎಂದಷ್ಟೇ ನಾನು ಕೇಳಿದ್ದು. ನೋಡೋಣ ಎಂದರು.

ನೋಡಿದ್ದು ಹೀಗೆ. ಬೇಸಿಗೆಯ ಒಂದು ಮಧ್ಯಾಹ್ನ ಕೇಂದ್ರದ ಸಭಾಂಗಣದಲ್ಲಿ ರೋಗಿಗಳನ್ನು, ಮನೆಯವರನ್ನು, ಕೇಂದ್ರ ನಡೆಸುವವರನ್ನು ಕೂರಿಸಿ ದೊಡ್ಡ ಡಾಕ್ಟರು ಫಲಿತಾಂಶ ತಿಳಿಸಿದರು. ಮನುಷ್ಯ ಕೆಟ್ಟವರಲ್ಲ. ಎಲ್ಲರಿಗೂ ಕೈಮುಗಿದರು, ಸ್ವಚ್ಛ ಕನ್ನಡದಲ್ಲಿ ನಿಧಾನವಾಗಿ ಮಾತಾಡಿದರು. ಕೆಟ್ಟವರಾಗಿದ್ದರೆ ಬೈದು ಮರೆತುಬಿಡಬಹುದಿತ್ತು. ಎರಡೂ ಗುಂಪಿನವರ ಕಾಲಿನ ಶಕ್ತಿ ಹೆಚ್ಚಿದೆ, ಆದರೆ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ, ಆದ್ದರಿಂದ ಸೈಕಲ್ಲಿನಿಂದ ಪ್ರಯೋಜನ ಇದೆಯೆಂದು ಸಾಬೀತಾಗಿಲ್ಲ ಎಂದರು. ಅಧ್ಯಯನದಲ್ಲಿ ಇದ್ದೇವೆ ಎಂಬ ಉತ್ಸಾಹಕ್ಕೇ ಜನ ಚುರುಕಾಗುವುದುಂಟು ಎಂದೂ ಸೇರಿಸಿದರು. ಆಮೇಲೆ ದನಿ ಇನ್ನಷ್ಟು ಮೆತ್ತಗೆ ಮಾಡಿ, ಕೆಲವರು ನಿಯಮ ಮೀರಿ ಮನೆಯಲ್ಲಿ ಏನೇನೋ ಮಾಡಿದ್ದು ತಿಳಿದುಬಂದಿದೆ, ಹೀಗೆ ಮಾಡಿದ್ದರಿಂದ ಸತ್ಯ ತಿಳಿಯುವುದು ಕಷ್ಟವಾಯಿತು, ಸಾಬೀತಾಗದ ವ್ಯಾಯಾಮವನ್ನು ತಜ್ಞರಿಲ್ಲದೆ ಮನೆಯಲ್ಲಿ ಮಾಡಬೇಡಿ, ಅಪಾಯ ಎಂದರು. ಮೂರನೇ ಸಾಲಿನಲ್ಲಿ ವಾರಿಜಕ್ಕನ ತಲೆ ಬಗ್ಗಿತು. ಸದಾನಂದಣ್ಣ ಎದ್ದು ಹೊರಗೆ ಹೋದರು.

ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಒಂದೇ ರಿಕ್ಷಾದಲ್ಲಿ ಬರುವವರನ್ನು ಎರಡು ಗುಂಪು ಮಾಡಿ ಹಾಕಬೇಡಿ ಎಂದು ಮೊದಲೇ ಹೇಳಿದ್ದನ್ನು ಕೇಳದವರು, ಈಗ ರಿಕ್ಷಾದಲ್ಲಿ ಬಂದವರದೇ ತಪ್ಪು ಎಂದು ಮೈಕಿನಲ್ಲಿ ಹೇಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, "ಸಾರ್, ಇಲ್ಲಿ ತುಳಿಯದೆ ಉಳಿದವರು ಯಾರೂ ಇಲ್ಲ. ತುಳಿದವರೆಲ್ಲ ಗಟ್ಟಿಯಾಗಿದ್ದಾರೆ. ಅದನ್ನೂ ಹೇಳಿ" ಎಂದೆ. ಸಭೆ ನನ್ನ ಕಡೆ ತಿರುಗಿತು. ಅವರು ಸಿಟ್ಟಾಗಲಿಲ್ಲ, ನಕ್ಕರು. "ಅದು ನಿಮ್ಮ ಅನಿಸಿಕೆ ಮೇಡಂ, ಡಾಟಾ ಅಲ್ಲ" ಎಂದರು. ಕೇಂದ್ರ ನಡೆಸುವವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರನ್ನು ದೂರಿ ಏನು ಫಲ? ಪ್ರಯೋಜನವಿಲ್ಲ ಎಂದು ದೊಡ್ಡವರೇ ಹೇಳಿದ ವಸ್ತುವನ್ನು ದಾನಿಗಳ ಮುಂದೆ ಹೇಗೆ ಸಮರ್ಥಿಸಿಕೊಳ್ಳುವುದು? ಕೊನೆಗೆ ಚಹಾ ಕುಡಿಯುವಾಗ ದೊಡ್ಡ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಇದರಿಂದ ಒಂದು ಪಾಠ ಸಿಕ್ಕಿತು, ಮುಂದಿನ ಊರಿನಲ್ಲಿ ಜೊತೆಗೆ ಬರುವವರನ್ನು ಬೇರೆ ಬೇರೆ ಪಾಳಿಗೆ ಹಾಕುತ್ತೇವೆ ಎಂದರು. ಅವರಿಗೆ ಸಿಕ್ಕಿದ ಪಾಠ ಅದು. ಚಹಾದ ಲೋಟವನ್ನು ಅಲ್ಲೇ ಇಟ್ಟು ಬಂದೆ.

ಬಂದವರಿಗೆಲ್ಲ ನೆನಪಿನ ಕಾಣಿಕೆಯೆಂದು ಅಧ್ಯಯನದ ಹೆಸರು ಕೆತ್ತಿದ ಒಂದೊಂದು ಸ್ಟೀಲಿನ ಡಬ್ಬಿ ಕೊಟ್ಟರು. ವಾರಿಜಕ್ಕ ಮುಚ್ಚಳ ತೆಗೆದು ಒಳಗೆ ನೋಡಿ, ಮತ್ತೆ ಮುಚ್ಚಿದರು. ನಮ್ಮಲ್ಲಿ ಪಕ್ಕದ ಮನೆಯಿಂದ ಬಂದ ಪಾತ್ರೆಯನ್ನೂ ಬರಿದಾಗಿ ಕಳುಹಿಸುವುದಿಲ್ಲ, ಒಂದು ಹಿಡಿ ಅಕ್ಕಿಯನ್ನೋ ನಾಲ್ಕು ಮೆಣಸನ್ನೋ ಹಾಕಿಯೇ ಕೊಡುವುದು. ಹೊರಗೆ ಸೈಕಲ್ಲುಗಳನ್ನು ಗೋಣಿಯಲ್ಲಿ ಸುತ್ತಿ ವ್ಯಾನಿಗೆ ಏರಿಸುತ್ತಿದ್ದರು.

ಮುಂದೆ ಆ ಅಧ್ಯಯನದ ಪ್ರಬಂಧ ಅಚ್ಚಾಯಿತು. ನಾನು ಓದಿದೆ. ರಿಕ್ಷಾ ಇಲ್ಲ, ಹೊಲಿಗೆ ಮೆಷಿನ್ ಇಲ್ಲ, ಮೆಟ್ಟಿಲು ಇಲ್ಲ. ಕೊನೆಯ ಭಾಗದಲ್ಲಿ, ಕಂಟಾಮಿನೇಷನ್ ಆಗಿರುವ ಸಾಧ್ಯತೆಯಿದೆ ಎಂದು ಒಂದು ಸಾಲು ಇತ್ತು. ನಾನು ಅಷ್ಟರಲ್ಲಿ ಉಡುಪಿಗೆ ಮರಳಿ, ಮತ್ತೆ ಸೊಂಟನೋವಿನವರ ನಡುವೆ ಸೇರಿಕೊಂಡಿದ್ದೆ. ವಾರಿಜಕ್ಕನ ಜೊತೆ ಆಗಾಗ ಫೋನಿನಲ್ಲಿ ಮಾತಾಡುತ್ತಿದ್ದೆ. ಕಾಲಿನ ಮಾತು ತೆಗೆದರೆ ಅವರು ಮಳೆಯ ಮಾತು ತೆಗೆಯುತ್ತಿದ್ದರು. ಸೈಕಲ್ ಹೋದರೂ ಮೆಷಿನ್ ಉಂಟಲ್ಲ, ತುಳಿಯುತ್ತಿದ್ದಾರೆ ಎಂದೇ ನಾನು ತಿಳಿದುಕೊಂಡಿದ್ದೆ.

ಹಿಲ್ಡಾಳ ಮನೆಯ ಆ ವಾಸನೆ ಎರಡು ದಿನವಾದರೂ ಮೂಗಿನಿಂದ ಹೋಗಲಿಲ್ಲ. ಭಾನುವಾರ ಬಜಗೋಳಿಗೆ ಹೋದೆ. ಸದಾನಂದಣ್ಣ ಈಗ ಉಡುಪಿಯಲ್ಲಿ ಮಗಳ ಮನೆಯಲ್ಲಿದ್ದಾರೆ, ಡಯಾಲಿಸಿಸ್ ಅಲ್ಲೇ. ರಿಕ್ಷಾದಲ್ಲಿ ವಾರಿಜಕ್ಕ ಒಬ್ಬರೇ ಹೋಗಿ ಬರುತ್ತಾರೆ. ಮೆಟ್ಟಿಲಿಳಿದು ಅಂಗಳಕ್ಕೆ ಬಂದರೆ, ಅವರು ಅದೇ ಕೆಂಪು ಕುರ್ಚಿಯಲ್ಲಿ ಕೂತಿದ್ದರು. ಏಳಲು ಕೈ ಊರಿದರು, ಆಗಲಿಲ್ಲ. ಜಗಲಿಯಲ್ಲಿ ಮೆಷಿನ್ ಇದ್ದ ಜಾಗದಲ್ಲಿ ತೆಂಗಿನಕಾಯಿ ರಾಶಿ ಹಾಕಿತ್ತು. ಎಲ್ಲಿ ಎಂದು ಕೇಳಿದೆ. ಹೊಲಿಗೆ ಕಲಿಯುವ ಹುಡುಗಿಯೊಬ್ಬಳಿಗೆ ಕೊಟ್ಟುಬಿಟ್ಟರಂತೆ, ಆ ಸಭೆಯಾದ ವಾರದಲ್ಲೇ.

ಯಾಕೆ ಕೊಟ್ಟಿರಿ ಎಂದು ನಾನು ಸಿಟ್ಟಿನಿಂದಲೇ ಕೇಳಿದೆ. ಅವರು ನನ್ನ ಕೈಯನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡರು. "ಪ್ರಯೋಜನ ಇಲ್ಲ ಅಂತ ಅಷ್ಟು ದೊಡ್ಡ ಡಾಕ್ಟ್ರು ಹೇಳಿದ್ದಾರಲ್ಲ ಬಾಲೆ. ನಾವು ತುಳಿದದ್ದರಿಂದ ನಿಮ್ಮೆಲ್ಲರ ಕೆಲಸ ಹಾಳಾಯಿತು. ನೀನೂ ಮಾತು ಕೇಳಬೇಕಾಯಿತು. ತಪ್ಪಾಯಿತು" ಎಂದರು. ನನಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷಗಳಲ್ಲಿ ಈ ವಿಷಯಕ್ಕಾಗಿ ತಪ್ಪಾಯಿತು ಎಂದ ಮೊದಲ ಮನುಷ್ಯ, ಮೆಟ್ಟಿಲ ಕೆಳಗೆ ಕುರ್ಚಿಯಲ್ಲಿ ಕೂತ ಈ ಹೆಂಗಸು.

ನಾನು ಹೇಳಿದೆ, ಎಲ್ಲವನ್ನೂ, ತುಳುವಿನಲ್ಲಿ, ಅರ್ಥವಾಗುವ ಹಾಗೆ. ನೀವೂ ತುಳಿದಿರಿ, ಅವರೂ ತುಳಿದರು, ಇಬ್ಬರ ಕಾಲಿಗೂ ಶಕ್ತಿ ಬಂತು, ಅದಕ್ಕೇ ವ್ಯತ್ಯಾಸ ಕಾಣಲಿಲ್ಲ ಎಂದೆ. ಪ್ರಯೋಜನ ಇಲ್ಲದ್ದಕ್ಕೆ ಅಲ್ಲ, ಇಬ್ಬರಿಗೂ ಆದ್ದಕ್ಕೆ. ಅವರು ಕಣ್ಣು ಕಿರಿದು ಮಾಡಿ ಕೇಳಿದರು. ಆಮೇಲೆ ಮೆಟ್ಟಿಲುಗಳ ಕಡೆಗೆ ತಿರುಗಿದರು.

"ಹಾಗಾದರೆ ನಾನು ಹತ್ತಿದ್ದು ಹೌದಲ್ವಾ?"

"ಹೌದು ಅಕ್ಕ. ನಾನು ನೋಡಿದ್ದೇನಲ್ಲ."

"ಅದನ್ನು ಬರೆಯಬಹುದಿತ್ತಲ್ಲ ಅವರಿಗೆ" ಎಂದರು ವಾರಿಜಕ್ಕ.

ಅವರು ಬರೆಯಲಿಲ್ಲ, ನಾನು ಬರೆಯುತ್ತಿದ್ದೇನೆ. ಆ ಮಳೆಗಾಲದ ಕೊನೆಗೆ, ಹೊಸ ಅಕ್ಕಿ ಊಟದ ದಿನ, ಬಜಗೋಳಿಯ ಆಚೆಯ ವಾರಿಜಕ್ಕ ತನ್ನ ಮನೆಯ ಮೆಟ್ಟಿಲುಗಳನ್ನು ತನ್ನ ಕಾಲಲ್ಲಿ ಹತ್ತಿದ್ದಾರೆ. ಕುರ್ಚಿ ಕೆಳಗೇ ಇತ್ತು. ನಾನು ಮೇಲೆ ರಸ್ತೆಯಲ್ಲಿ ನಿಂತು ನೋಡಿದ್ದೇನೆ.